ಒಂಬತ್ತು ಕ್ಲಬ್‌ಗಳಿಗೆ ಆಡಿದ ಲಾರೆಂಟ್ ಬ್ಲಾಂಕ್ ಅವರನ್ನು ಶ್ರೇಷ್ಠ ಡಿಫೆಂಡರ್ ಎನ್ನಬಹುದೇ?

ಇಟಲಿಯ ಫುಟ್‌ಬಾಲ್ ಡಿಫೆಂಡರ್‌ಗಳಾದ ಬಾರೇಸಿ, ಮಾಲ್ದೀನಿಯಂಥವರು ಇಡೀ ವೃತ್ತಿಜೀವನವನ್ನು ಎಸಿ ಮಿಲಾನ್ ಕ್ಲಬ್ ಒಂದರಲ್ಲೇ ಕಳೆದಿರುವಾಗ, ಇಪ್ಪತ್ತು ವರ್ಷಗಳಲ್ಲಿ ಒಂಬತ್ತು ಕ್ಲಬ್‌ಗಳ ಅಂಗಿ ತೊಟ್ಟ ಫ್ರಾನ್ಸಿನ ಲಾರೆಂಟ್ ಬ್ಲಾಂಕ್ ಅವರನ್ನು ಅದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯೇ, ಎಲ್ಲಿಯೂ ನೆಲೆ ನಿಲ್ಲದ ಆಟಗಾರನಲ್ಲಿ ಏನೋ ಕೊರತೆ ಇದ್ದಿರಲೇಬೇಕಲ್ಲವೇ ಎಂದು ನೀವು ಕೇಳಿದ್ದೀರಿ. ನನ್ನ ಉತ್ತರ, ಅವರನ್ನು ಆ ಸಾಲಿನಲ್ಲಿ ಧಾರಾಳವಾಗಿ ನಿಲ್ಲಿಸಬಹುದು. ಆದರೆ ನಿಮ್ಮ ಅನುಮಾನ ಹುರುಳಿಲ್ಲದ್ದು ಎಂದು ನಾನು ಹೇಳುವುದಿಲ್ಲ. ಊರಿಂದೂರಿಗೆ ಹೋಗುವುದು ಮುಂಚೂಣಿ ಆಟಗಾರನಿಗಿಂತ ಡಿಫೆಂಡರ್‌ಗೆ ಬಹಳ ಕಷ್ಟದ ಸಂಗತಿ, ಮತ್ತು ಬ್ಲಾಂಕ್ ಅವರ ಏಳುಬೀಳುಗಳನ್ನೆಲ್ಲ ಆ ಕಷ್ಟದ ಬೆಳಕಿನಲ್ಲೇ ಓದಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಿಂದಿನ ಸಾಲಿನಲ್ಲಿ ಒಂದಷ್ಟು ಕಾಲ ಆಡಿದ ಯಾರಿಗೇ ಆದರೂ ಇದು ಗೊತ್ತಿರುತ್ತದೆ. ಗೋಲು ಹೊಡೆಯುವವನ ಕಸುಬು ಬಹುಮಟ್ಟಿಗೆ ಅವನ ಕಾಲಿನಲ್ಲೇ ಇರುತ್ತದೆ, ಅವನು ಹೋದಲ್ಲೆಲ್ಲ ಅದೂ ಹೋಗುತ್ತದೆ. ಡಿಫೆಂಡರ್‌ನ ಕಸುಬಿನ ಅರ್ಧ ಭಾಗ ಅಕ್ಕಪಕ್ಕದವರ ಜೊತೆಗಿನ ಹೊಂದಾಣಿಕೆಯಲ್ಲಿದೆ. ಎದುರಾಳಿ ಚೆಂಡನ್ನು ಹಿಡಿದು ತಿರುಗಿದ ಕ್ಷಣ ನಡುವೆ ನಿಲ್ಲುವ ಇಬ್ಬರು ಡಿಫೆಂಡರ್‌ಗಳಾದ ಸೆಂಟರ್ ಬ್ಯಾಕ್‌ಗಳಲ್ಲಿ ಯಾರು ಮುಂದೆ ನುಗ್ಗಬೇಕು, ಯಾರು ಎರಡು ಹೆಜ್ಜೆ ಹಿಂದೆ ಸರಿಯಬೇಕು, ಆಫ್‌ಸೈಡ್ ಗೆರೆಗಾಗಿ ಇಡೀ ಸಾಲು ಯಾವಾಗ ಮೇಲೇರಬೇಕು, ಎತ್ತರದ ಕ್ರಾಸ್‌ಗೆ ಗೋಲ್‌ಕೀಪರ್ ಹೊರಬರುತ್ತಾನೋ ಗೆರೆಯ ಮೇಲೇ ನಿಲ್ಲುತ್ತಾನೋ ಎಂಬ ಇವೆಲ್ಲವೂ ಮಾತಿಲ್ಲದೆ, ಕಣ್ಣ ರೆಪ್ಪೆ ಬಡಿಯುವಷ್ಟರಲ್ಲಿ ತೀರ್ಮಾನವಾಗಬೇಕು. ಒಂದೇ ಜೋಡಿ ತಿಂಗಳುಗಟ್ಟಲೆ ಒಟ್ಟಿಗೆ ಆಡಿದರೆ ಮಾತ್ರ ಅದು ಕೈಗೂಡುತ್ತದೆ. ಕ್ಲಬ್ ಬದಲಾದ ದಿನವೇ ಆ ಸಂಪಾದನೆಯೆಲ್ಲ ಸೊನ್ನೆಗೆ ಇಳಿಯುತ್ತದೆ. ಬಾರೇಸಿ ಅವರಿಗೆ ಈ ನಷ್ಟ ಒಮ್ಮೆಯೂ ಆಗಲಿಲ್ಲ, ಬ್ಲಾಂಕ್ ಅವರಿಗೆ ಎಂಟು ಬಾರಿ ಆಯಿತು.

ಮೊದಲಿಗೆ ಒಂದು ತಪ್ಪು ಗ್ರಹಿಕೆಯನ್ನು ಸರಿಪಡಿಸಬೇಕು. ಅವರು ಎಲ್ಲಿಯೂ ನೆಲೆ ನಿಲ್ಲದವರಲ್ಲ. ದಕ್ಷಿಣ ಫ್ರಾನ್ಸ್‌ನ ಅಲೆಸ್‌ನಲ್ಲಿ 1965ರ ನವೆಂಬರ್ 19ರಂದು ಹುಟ್ಟಿದ ಬ್ಲಾಂಕ್ 1983ರಿಂದ 1991ರವರೆಗೆ ಮೊಂಪೆಲಿಯೇ ತಂಡವೊಂದಕ್ಕೇ ಆಡಿದರು, ಅದೂ ಆರಂಭದಲ್ಲಿ ಡಿಫೆಂಡರ್ ಆಗಿ ಅಲ್ಲ, ಆಕ್ರಮಣಕಾರಿ ಮಿಡ್‌ಫೀಲ್ಡರ್ ಆಗಿ. ಆ ಕ್ಲಬ್‌ನ ಇತಿಹಾಸದಲ್ಲೇ ಅತಿ ಹೆಚ್ಚು ಗೋಲು ಗಳಿಸಿದ ಆಟಗಾರ ಅವರು ಎಂಬುದು ಅನೇಕರಿಗೆ ನಂಬಲು ಕಷ್ಟವಾಗುವ ಸತ್ಯ. ಎರಡನೇ ವಿಭಾಗದಲ್ಲಿದ್ದ ಆ ತಂಡ 1987ರಲ್ಲಿ ಮೇಲಿನ ವಿಭಾಗಕ್ಕೆ ಏರಿತು. 1990ರಲ್ಲಿ ಎರಿಕ್ ಕಾಂಟೊನಾ ಅವರೂ ತಂಡದಲ್ಲಿದ್ದಾಗ ರಾಸಿಂಗ್ ಪ್ಯಾರಿಸ್ ವಿರುದ್ಧ ಫ್ರೆಂಚ್ ಕಪ್ ಗೆದ್ದಿತು, ಫೈನಲ್‌ನಲ್ಲಿ ಬ್ಲಾಂಕ್ ಅವರೂ ಒಂದು ಗೋಲು ಹೊಡೆದರು. ಮೊಂಪೆಲಿಯೇಯ ಕೊನೆಯ ವರ್ಷಗಳಲ್ಲಿ ಅವರನ್ನು ಹಂತಹಂತವಾಗಿ ಹಿಂದಕ್ಕೆ ತಂದು ಲಿಬೆರೊ, ಅಂದರೆ ಉಳಿದ ಡಿಫೆಂಡರ್‌ಗಳ ಹಿಂದೆ ಸ್ವತಂತ್ರವಾಗಿ ನಿಲ್ಲುವವನ, ಸ್ಥಾನದಲ್ಲಿ ನಿಲ್ಲಿಸಲಾಯಿತು. ಅಲ್ಲಿಂದ ಆಟವೆಲ್ಲವೂ ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ, ಚೆಂಡು ಸಿಕ್ಕ ತಕ್ಷಣ ನಲವತ್ತು ಗಜ ಮುಂದಿರುವವನನ್ನು ಹುಡುಕಬಹುದು. ವೇಗ ಅವರ ಬಲವಾಗಿರಲಿಲ್ಲ, ಆದ್ದರಿಂದ ಓಟದಲ್ಲಿ ಗೆಲ್ಲಬೇಕಾದ ಸಂದರ್ಭವೇ ಬಾರದಂತೆ ಮೊದಲೇ ಸರಿಯಾದ ಜಾಗದಲ್ಲಿ ನಿಲ್ಲುವುದನ್ನು ಕಲಿತರು. ಪಕ್ಕದಲ್ಲಿ ಯಾರೇ ಬರಲಿ, ಆಟವನ್ನು ಓದುವ ಕಣ್ಣು ಮತ್ತು ಆ ಮೊದಲ ಪಾಸ್, ಈ ಎರಡು ಮಾತ್ರ ಕ್ಲಬ್ ಬದಲಾದರೂ ಕಳೆದುಹೋಗದಂಥವು. ಅವರ ಮುಂದಿನ ಹನ್ನೆರಡು ವರ್ಷಗಳ ಬಂಡವಾಳ ಇವೇ. 1992ರಲ್ಲಿ, ಸಹ ಆಟಗಾರ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದೆಂಬ ನಿಯಮ ಬಂದ ಮೇಲೆ, ಒತ್ತಡದ ನಡುವೆಯೂ ಚೆಂಡನ್ನು ಮುಂದಕ್ಕೆ ಆಡಬಲ್ಲ ಇಂಥ ಡಿಫೆಂಡರ್‌ಗಳ ಬೆಲೆ ಇನ್ನಷ್ಟು ಏರಿತು.

ಇನ್ನು ಅಷ್ಟೊಂದು ಬದಲಾವಣೆಗಳು ಏಕೆ? 1991ರಲ್ಲಿ ಅವರು ಸೇರಿದ ನಾಪೊಲಿ ಮರಡೋನಾ ಆಗಷ್ಟೇ ಬಿಟ್ಟುಹೋಗಿದ್ದ ತಂಡ. ಆಗ ಇಟಲಿಯ ಕ್ಲಬ್ ಒಂದಕ್ಕೆ ಮೂವರೇ ವಿದೇಶಿ ಆಟಗಾರರು ಎಂಬ ಮಿತಿಯಿತ್ತು, ನಾಪೊಲಿಯ ಆ ಮೂವರು ಕರೇಕಾ, ಅಲೆಮಾವೊ ಮತ್ತು ಬ್ಲಾಂಕ್. ತಂಡ ನಾಲ್ಕನೇ ಸ್ಥಾನ ಪಡೆಯಿತು, ಬ್ಲಾಂಕ್ ಲೀಗ್‌ನಲ್ಲಿ 6 ಗೋಲು ಹೊಡೆದರು, ಆದರೂ ಒಂದೇ ವರ್ಷದಲ್ಲಿ ಹೊರಟರು. ಮೂರೇ ಜಾಗಗಳಿರುವಲ್ಲಿ ಯಾವ ಕ್ಲಬ್ಬಾದರೂ ಡಿಫೆಂಡರ್‌ಗಿಂತ ಮೊದಲು ಗೋಲು ಹೊಡೆಯುವವನ ಬಗ್ಗೆಯೇ ಯೋಚಿಸುತ್ತದೆ. ಹುಟ್ಟೂರಿಗೆ ಹತ್ತಿರದ ನೀಮ್ ಕ್ಲಬ್ಬಿಗೆ ಮರಳಿದರೆ, ಆ ತಂಡ 1993ರಲ್ಲಿ ಕೆಳ ವಿಭಾಗಕ್ಕೆ ಜಾರಿತು. ನಂತರದ ಎರಡು ವರ್ಷ ಅವರು ಆಡಿದ ಸೇಂಟ್ ಎಟಿಯೆನ್ ಹಳೆಯ ವೈಭವದ ಕ್ಲಬ್ ಆಗಿದ್ದರೂ ಆಗ ಹಣಕಾಸಿನಲ್ಲಿ ಕುಸಿದಿತ್ತು, 1995ರಲ್ಲಿ ಕೆಳಗಿಳಿಯುವ ಅಂಚಿನಿಂದ ಹೇಗೋ ಪಾರಾಯಿತು. ಇವುಗಳಲ್ಲಿ ಯಾವುದನ್ನೂ ಬ್ಲಾಂಕ್ ಬೇಡವಾಗಿ ಹೊರಬಿದ್ದ ಕಥೆ ಎಂದು ಓದಲು ಬರುವುದಿಲ್ಲ.

1995ರಲ್ಲಿ ಸೇರಿದ ಓಸೇರ್‌ನ ಒಂದು ವರ್ಷವನ್ನು ಮಾತ್ರ ನಾನು ಅವರ ಕ್ಲಬ್ ಬದುಕಿನ ಅತ್ಯುತ್ತಮ ವರ್ಷವೆಂದು ಎಣಿಸುತ್ತೇನೆ. ಕೋಚ್ ಗೀ ರೂ ಅವರದು ಆ ಹೊತ್ತಿಗೆ ಹಳತಾಗುತ್ತಿದ್ದ ಪದ್ಧತಿ. ಹಿಂದಿನ ಸಾಲಿನ ಉಳಿದವರು ತಮಗೆ ಗೊತ್ತುಮಾಡಿದ ಎದುರಾಳಿಯನ್ನು ನೆರಳಿನಂತೆ ಹಿಂಬಾಲಿಸುವುದು, ಅವರ ಹಿಂದೆ ಲಿಬೆರೊ ಒಬ್ಬನೇ ಸ್ವತಂತ್ರನಾಗಿ ನಿಂತು ತಪ್ಪಿ ಬಂದದ್ದನ್ನು ಒರೆಸುವುದು. ಗೆರೆ ಹಿಡಿದು ಆಡುವ ತಂಡದಲ್ಲಿ ಹೊಸಬ ನಾಲ್ಕು ಜನರ ನಡಿಗೆಗೆ ಹೆಜ್ಜೆ ಕೂಡಿಸಬೇಕು. ಇಲ್ಲಿ ಹಾಗಲ್ಲ, ಉಳಿದವರ ಕೆಲಸ ಸ್ಪಷ್ಟವಾಗಿ ಹಂಚಿಹೋಗಿರುತ್ತದೆ, ಲಿಬೆರೊ ಆದವನು ಆಟವನ್ನು ಓದಬಲ್ಲವನಾಗಿದ್ದರೆ ಸಾಕು. ಹೊಸದಾಗಿ ಬಂದ ಬ್ಲಾಂಕ್ ಅವರಿಗೆ ಇದಕ್ಕಿಂತ ಅನುಕೂಲವಾದ ವ್ಯವಸ್ಥೆ ಸಿಗಲಾರದಿತ್ತು. 1996ರಲ್ಲಿ ಓಸೇರ್ ತನ್ನ ಇತಿಹಾಸದ ಮೊದಲ ಲೀಗ್ ಪ್ರಶಸ್ತಿಯನ್ನು ಗೆದ್ದಿತು, ಜೊತೆಗೆ ಫ್ರೆಂಚ್ ಕಪ್ಪನ್ನೂ ಗೆದ್ದಿತು. ಕಪ್‌ನ ಫೈನಲ್‌ನಲ್ಲಿ ಎದುರಿದ್ದದ್ದು, ಮೂರನೇ ವಿಭಾಗದಲ್ಲಿದ್ದರೂ ಅಲ್ಲಿಯವರೆಗೆ ಬಂದಿದ್ದ, ಅವರದೇ ಹಳೆಯ ನೀಮ್ ತಂಡ. ಮೊದಲು ಗೋಲು ಹೊಡೆದದ್ದೂ ನೀಮ್. ದ್ವಿತೀಯಾರ್ಧದಲ್ಲಿ ಸಮಬಲದ ಗೋಲನ್ನು ಬ್ಲಾಂಕ್ ಹೊಡೆದರು, ಕೊನೆಯ ನಿಮಿಷಗಳಲ್ಲಿ ಓಸೇರ್ 2–1ರಿಂದ ಗೆದ್ದಿತು.

1995ರ ಡಿಸೆಂಬರ್‌ನಲ್ಲಿ ಬಂದ ಬೋಸ್ಮನ್ ತೀರ್ಪು ಯುರೋಪಿಯನ್ ಒಕ್ಕೂಟದ ಆಟಗಾರರ ಮೇಲಿದ್ದ ವಿದೇಶಿ ಮಿತಿಯನ್ನು ತೆಗೆದುಹಾಕಿದ್ದರಿಂದ ಮರುವರ್ಷದ ಬೇಸಿಗೆಯಲ್ಲಿ ದೊಡ್ಡ ಕ್ಲಬ್‌ಗಳ ಬಾಗಿಲು ತೆರೆದವು, ಬ್ಲಾಂಕ್ ಬಾರ್ಸಿಲೋನಾಗೆ ಹೋದರು. ಬಾಬಿ ರಾಬ್ಸನ್ ಅವರ ಆ ತಂಡ ಗೋಲುಗಳ ಸುರಿಮಳೆಗೆ ಹೆಸರಾಗಿತ್ತು, ಹಿಂದಿನ ಸಾಲಿನ ಚಿಂತೆ ಅಲ್ಲಿ ಕಡಿಮೆ. ಗಾಯಗಳೂ ಕಾಡಿದವು, ಒಂದೇ ವರ್ಷಕ್ಕೆ ಆ ಅಧ್ಯಾಯ ಮುಗಿಯಿತು.

ಆಮೇಲೆ ಫ್ರಾನ್ಸಿಗೆ ಮರಳಿ ಮಾರ್ಸೇ ಕ್ಲಬ್ಬಿನಲ್ಲಿ ಕಳೆದ ಎರಡು ವರ್ಷಗಳು ಇಷ್ಟು ಸುಲಭವಾಗಿ ಹೇಳಿ ಮುಗಿಸುವಂಥವಲ್ಲ. 1998ರ ಆಗಸ್ಟ್‌ನಲ್ಲಿ ಮೊಂಪೆಲಿಯೇ ವಿರುದ್ಧ ಮಧ್ಯಂತರದ ಹೊತ್ತಿಗೆ 0–4ರಿಂದ ಹಿಂದಿದ್ದ ಮಾರ್ಸೇ 5–4ರಿಂದ ಗೆದ್ದಿತು, ಗೆಲುವಿನ ಪೆನಾಲ್ಟಿಯನ್ನು ಕೊನೆಯ ಗಳಿಗೆಯಲ್ಲಿ ತಮ್ಮನ್ನು ಬೆಳೆಸಿದ ಕ್ಲಬ್ಬಿನ ವಿರುದ್ಧವೇ ಹೊಡೆದವರು ಬ್ಲಾಂಕ್. ಅದೇ ಋತುವಿನಲ್ಲಿ ಲೀಗ್ ಪ್ರಶಸ್ತಿ ಬೋರ್ಡೊ ತಂಡಕ್ಕೆ ಒಂದೇ ಒಂದು ಅಂಕದಿಂದ ಹೋಯಿತು. ಮತ್ತು 1999ರ ಮೇ 12ರಂದು ಮಾಸ್ಕೋದಲ್ಲಿ ಇಟಲಿಯ ಪಾರ್ಮಾ ವಿರುದ್ಧ, ಯುರೋಪಿನ ಕ್ಲಬ್‌ಗಳ ಪಂದ್ಯಾವಳಿಯಾದ ಯುಇಎಫ್‌ಎ ಕಪ್‌ನ ಫೈನಲ್ ನಡೆಯಿತು. ಅವರ ಮೇಲೆ ದೂರು ಹೇಳುವವರು ಮೊದಲು ತೋರಿಸುವ ದೃಶ್ಯ ಆ ಪಂದ್ಯದ್ದು, ಆದ್ದರಿಂದ ಅದನ್ನು ಮರೆಮಾಡದೆ ಹೇಳುತ್ತೇನೆ. ಪಂದ್ಯದ ಮೊದಲರ್ಧ ಗಂಟೆ ಇನ್ನೂ ತುಂಬಿರಲಿಲ್ಲ. ಎತ್ತರದಿಂದ ಬಂದ ಚೆಂಡನ್ನು ಬ್ಲಾಂಕ್ ತಲೆಯಿಂದ ತಮ್ಮ ಗೋಲ್‌ಕೀಪರ್ ಪೊರಾಟೊ ಕಡೆಗೆ ಹಿಂದಕ್ಕೆ ಮುಟ್ಟಿಸಿದರು. ತಲೆಯಿಂದ ಕೊಟ್ಟ ಚೆಂಡನ್ನು ಕೈಯಲ್ಲಿ ಹಿಡಿಯಲು ಕೀಪರ್‌ಗೆ ಅಡ್ಡಿಯಿಲ್ಲ, ಹಾಗಾಗಿ ಆಲೋಚನೆ ಸರಿಯಾಗಿಯೇ ಇತ್ತು. ಆದರೆ ಮುಟ್ಟಿಸುವಿಕೆ ಮೆತ್ತಗಾಯಿತು, ಕೀಪರ್ ಇನ್ನೂ ದೂರದಲ್ಲಿದ್ದರು, ನಡುವೆ ನುಗ್ಗಿದ ಪಾರ್ಮಾದ ಹೆರ್ನಾನ್ ಕ್ರೆಸ್ಪೊ ಚೆಂಡನ್ನು ಕೀಪರ್ ತಲೆಯ ಮೇಲಿಂದ ಎತ್ತಿ ಬಲೆಗೆ ಹಾಕಿದರು. ಮಾರ್ಸೇ 0–3ರಿಂದ ಸೋತಿತು. ಅದು ಬ್ಲಾಂಕ್ ಅವರದೇ ತಪ್ಪು, ಅದಕ್ಕೆ ಸಮಜಾಯಿಷಿ ಬೇಡ. ಆದರೆ ಆಟವನ್ನು ಓದುವುದರಲ್ಲಿ ನಿಸ್ಸೀಮರಾದವರು ಕೂಡ, ಕೀಪರ್ ಎಲ್ಲಿ ನಿಂತಿರುತ್ತಾನೆ ಎಂಬ ಊಹೆ ಎರಡು ಗಜ ತಪ್ಪಿದರೆ ಎಷ್ಟು ಅಸಹಾಯಕರಾಗುತ್ತಾರೆ ಎಂಬುದಕ್ಕೆ ಇದಕ್ಕಿಂತ ಕಠೋರವಾದ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಅಕ್ಕಪಕ್ಕದವರು ಬದಲಾಗದ ಒಂದು ತಂಡ ಬ್ಲಾಂಕ್ ಅವರಿಗೆ ಸಿಕ್ಕಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾವು ಊಹಿಸಬೇಕಿಲ್ಲ, ಅಂಥ ತಂಡ ಅವರಿಗೆ ಸಿಕ್ಕಿತ್ತು. ಅದು ಫ್ರಾನ್ಸ್ ರಾಷ್ಟ್ರೀಯ ತಂಡ. 1993ರ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಬಲ್ಗೇರಿಯಾ ಕೊನೆಯ ನಿಮಿಷದ ಗೋಲಿನಿಂದ ಗೆದ್ದು ಫ್ರಾನ್ಸನ್ನು ವಿಶ್ವಕಪ್‌ನಿಂದ ಹೊರಗಿಟ್ಟಾಗ, ಆ ಪಂದ್ಯದಲ್ಲಿ ಆಡಿದ್ದ ಬ್ಲಾಂಕ್ ರಾಷ್ಟ್ರೀಯ ತಂಡವನ್ನೇ ಬಿಡಲು ನಿರ್ಧರಿಸಿದ್ದರು. ಮೊಂಪೆಲಿಯೇಯಲ್ಲಿ ಅವರ ಕೋಚ್ ಆಗಿದ್ದ ಏಮೆ ಜಾಕೆ ಅಷ್ಟರಲ್ಲಿ ರಾಷ್ಟ್ರೀಯ ತಂಡದ ಹೊಣೆ ಹೊತ್ತು, ಅವರ ಮನವೊಲಿಸಿ ಮರಳಿ ಕರೆತಂದರು. ಬಲಕ್ಕೆ ಲಿಲಿಯನ್ ತುರಾಂ, ಎಡಕ್ಕೆ ಬಿಕ್ಸೆಂಟೆ ಲಿಜರಾಜು, ನಡುವೆ ಬ್ಲಾಂಕ್ ಪಕ್ಕದಲ್ಲಿ ಮಾರ್ಸೆಲ್ ಡೆಸಾಯಿ. ಡೆಸಾಯಿ ಮುಂದೆ ನುಗ್ಗಿ ಎದುರಾಳಿಯನ್ನು ತಡೆದರೆ ಬ್ಲಾಂಕ್ ಹಿಂದಿನ ಖಾಲಿ ಜಾಗವನ್ನು ಮುಚ್ಚುತ್ತಿದ್ದರು. ಬ್ಲಾಂಕ್ ಚೆಂಡಿನೊಂದಿಗೆ ಮುಂದೆ ಸಾಗಿದರೆ ಉಳಿದ ಮೂವರ ವೇಗ ಅವರ ಜಾಗವನ್ನು ಕಾಯುತ್ತಿತ್ತು. ಈ ನಾಲ್ವರೂ ಒಟ್ಟಿಗೆ ಕಣಕ್ಕಿಳಿದ ಪಂದ್ಯಗಳಲ್ಲಿ ಫ್ರಾನ್ಸ್ ಒಮ್ಮೆಯೂ ಸೋಲಲಿಲ್ಲ. 1998ರ ವಿಶ್ವಕಪ್‌ನ ಏಳು ಪಂದ್ಯಗಳಲ್ಲಿ ತಂಡ ಬಿಟ್ಟುಕೊಟ್ಟದ್ದು ಎರಡೇ ಗೋಲು.

ಆ ವಿಶ್ವಕಪ್‌ನಲ್ಲಿ ಜೂನ್ 28ರಂದು ಲೆನ್ಸ್‌ನಲ್ಲಿ ಪರಾಗ್ವೆ ವಿರುದ್ಧ ನಡೆದ ಪಂದ್ಯವನ್ನು ನೀವು ನೋಡಿರದಿದ್ದರೆ ಪೂರ್ತಿಯಾಗಿ ನೋಡಬೇಕೆಂದು ನನ್ನ ಒತ್ತಾಯ. ಜಿಡಾನ್ ನಿಷೇಧದಿಂದಾಗಿ ಹೊರಗಿದ್ದರು, ಪರಾಗ್ವೆಯ ಗೋಲ್‌ಕೀಪರ್ ಚಿಲಾವರ್ಟ್ ಅವರನ್ನು ದಾಟಿ ಚೆಂಡು ಹೋಗುತ್ತಿರಲಿಲ್ಲ, ಪೆನಾಲ್ಟಿ ಶೂಟೌಟ್‌ಗೆ ಕೆಲವೇ ನಿಮಿಷಗಳಿದ್ದವು. ಆಗ ಬ್ಲಾಂಕ್ ತಮ್ಮ ಜಾಗ ಬಿಟ್ಟು ಎದುರಾಳಿಯ ಪೆನಾಲ್ಟಿ ಪ್ರದೇಶಕ್ಕೆ ಬಂದಿದ್ದರು. ಪಿರೆಸ್ ಬಲದಿಂದ ಚೆಂಡನ್ನು ಎತ್ತಿ ಹಾಕಿದರು, ತ್ರೆಜೆಗೆ ಅದನ್ನು ತಲೆಯಿಂದ ಕೆಳಗಿಳಿಸಿದರು, ಬ್ಲಾಂಕ್ ಹಳೆಯ ಮಿಡ್‌ಫೀಲ್ಡರ್‌ನ ನಿರಾತಂಕದಲ್ಲಿ ಒಳಕ್ಕೆ ಹೊಡೆದರು. ಅದು ವಿಶ್ವಕಪ್ ಇತಿಹಾಸದ ಮೊದಲ ಗೋಲ್ಡನ್ ಗೋಲ್, ಅಂದರೆ ಹೆಚ್ಚುವರಿ ಸಮಯದಲ್ಲಿ ಬಿದ್ದೊಡನೆ ಪಂದ್ಯವನ್ನೇ ಮುಗಿಸುತ್ತಿದ್ದ ಗೋಲು. ಇಟಲಿ ವಿರುದ್ಧದ ಕ್ವಾರ್ಟರ್ ಫೈನಲ್‌ನ ಶೂಟೌಟ್‌ನಲ್ಲಿ ಫ್ರಾನ್ಸ್‌ನ ಐದನೇ ಪೆನಾಲ್ಟಿಯನ್ನೂ ಅವರೇ ಗೋಲಾಗಿಸಿದರು. ಸೆಮಿಫೈನಲ್‌ನಲ್ಲಿ ಕ್ರೊವೇಷಿಯಾದ ಸ್ಲಾವೆನ್ ಬಿಲಿಚ್ ಮುಖ ಹಿಡಿದು ನೆಲಕ್ಕೆ ಬಿದ್ದುದರಿಂದ ಬ್ಲಾಂಕ್ ಕೆಂಪು ಕಾರ್ಡ್ ಪಡೆದು ಫೈನಲ್ ಕಳೆದುಕೊಂಡದ್ದು ಇಂದಿಗೂ ನನಗೆ ಸಂಕಟ ತರುವ ವಿಷಯ. ಬ್ಲಾಂಕ್ ಜಾಗದಲ್ಲಿ ಫ್ರಾಂಕ್ ಲೆಬಫ್ ಆಡಿದರು, ಫ್ರಾನ್ಸ್ 3–0ರಿಂದ ಬ್ರೆಜಿಲನ್ನು ಸೋಲಿಸಿತು. ಎರಡು ವರ್ಷದ ನಂತರ ಯುರೋ 2000ರ ಫೈನಲ್‌ನಲ್ಲಿ ಅವರು ಮೈದಾನದಲ್ಲಿದ್ದರು ಮತ್ತು ಗೆದ್ದರು. 97 ಪಂದ್ಯ, 16 ಗೋಲುಗಳೊಂದಿಗೆ ಅದೇ ವರ್ಷ ರಾಷ್ಟ್ರೀಯ ತಂಡದಿಂದ ನಿವೃತ್ತರಾದರು.

ಇಂಟರ್ ಮಿಲಾನ್‌ನಲ್ಲಿ 1999ರಿಂದ ಎರಡು ವರ್ಷ ಆಡಿ, ಅಸ್ಥಿರವಾಗಿದ್ದ ಆ ತಂಡದಲ್ಲೂ ಮನ್ನಣೆ ಗಳಿಸಿದರು. 2001ರ ಆಗಸ್ಟ್ ಕೊನೆಯಲ್ಲಿ, 35ನೇ ವಯಸ್ಸಿನಲ್ಲಿ, ಡಿಫೆಂಡರ್ ಯಾಪ್ ಸ್ಟಾಮ್ ಅವರನ್ನು ಮಾರಿದ ಮ್ಯಾಂಚೆಸ್ಟರ್ ಯುನೈಟೆಡ್ ಬ್ಲಾಂಕ್ ಅವರನ್ನು ಕರೆತಂದಿತು. ಸ್ಟಾಮ್ ಅವರಂಥ ಬಲಿಷ್ಠ, ವೇಗದ ಆಟಗಾರನ ಜಾಗಕ್ಕೆ ಬಂದವರು, ಹೊಸ ಜೊತೆಗಾರರು, ಉಸಿರು ಬಿಡಲೂ ಬಿಡದ ಇಂಗ್ಲಿಷ್ ಲೀಗ್. ಡಿಸೆಂಬರ್ ಆರಂಭದ ಹೊತ್ತಿಗೆ ಯುನೈಟೆಡ್ ಬೋಲ್ಟನ್, ಲಿವರ್‌ಪೂಲ್, ಆರ್ಸೆನಲ್, ನ್ಯೂಕ್ಯಾಸಲ್, ಚೆಲ್ಸಿ ತಂಡಗಳಿಗೆ ಸೋತಿತ್ತು, ಈ ಹೆಸರುಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿದರೆ ಬ್ಲಾಂಕ್ ಎಂದಾಗುತ್ತದೆ ಎಂದು ಪತ್ರಿಕೆಗಳು ಆಡಿಕೊಂಡವು. ಅದು ಅನ್ಯಾಯದ ಮಾತು. ಆರ್ಸೆನಲ್ ವಿರುದ್ಧ ಆ ತಂಡದ ಹೆನ್ರಿಗೆ ಎರಡು ಗೋಲು ಒಪ್ಪಿಸಿದವರು ಯುನೈಟೆಡ್‌ನ ಗೋಲ್‌ಕೀಪರ್ ಬಾರ್ತೆಜ್. ಟಾಟನ್‌ಹ್ಯಾಮ್ ವಿರುದ್ಧ 0–3ರಿಂದ ಹಿಂದಿದ್ದಾಗ ತಲೆಯಿಂದ ಗೋಲು ಹೊಡೆದು 5–3ರ ಗೆಲುವಿಗೆ ನೆರವಾದವರೂ ಇದೇ ಬ್ಲಾಂಕ್. ಆದರೂ ಅವರ ಕಾಲು ನಿಧಾನವಾಗಿತ್ತು, ಅವರ ಹಿಂದಿನ ಜಾಗಕ್ಕೆ ಎದುರಾಳಿಗಳು ಬೇಕೆಂದೇ ಚೆಂಡು ಹಾಕುತ್ತಿದ್ದರು ಎಂಬುದು ನಿಜ. ಎರಡನೇ ವರ್ಷ ಡಿಫೆಂಡರ್ ರಿಯೊ ಫರ್ಡಿನಾಂಡ್ ಬಂದರು, 2003ರಲ್ಲಿ ಯುನೈಟೆಡ್ ಲೀಗ್ ಗೆದ್ದಿತು, ಬ್ಲಾಂಕ್ ಆ ಪದಕದೊಂದಿಗೆ ಆಟ ನಿಲ್ಲಿಸಿದರು.

ಒಂದೇ ಕ್ಲಬ್ಬಿಗೆ ನಿಷ್ಠೆಯಿಂದ ಉಳಿಯುವುದನ್ನೇ ನೀವು ಶ್ರೇಷ್ಠತೆಯ ಭಾಗವೆಂದು ಎಣಿಸುವುದಾದರೆ ಮಾಲ್ದೀನಿ ಅವರೇ ಮೇಲು, ಅದರಲ್ಲಿ ನನಗೆ ತಕರಾರಿಲ್ಲ. ಮೈದಾನದ ಆಟವನ್ನಷ್ಟೇ ತೂಗುವುದಾದರೆ, ಕ್ಲಬ್‌ಗಳ ಪಟ್ಟಿಯನ್ನು ಬದಿಗಿಟ್ಟು 1996ರಿಂದ 2000ದವರೆಗಿನ ಫ್ರಾನ್ಸ್ ತಂಡದ ಪಂದ್ಯಗಳಲ್ಲಿ ಚೆಂಡನ್ನು ಬಿಟ್ಟು ಬ್ಲಾಂಕ್ ಒಬ್ಬರನ್ನೇ ಗಮನಿಸಿ ನೋಡಿ. ಎದುರಾಳಿ ಪಾಸ್ ಮಾಡಲು ಕಾಲೆತ್ತುವ ಮೊದಲೇ ಅವರು ಎತ್ತ ನಡೆಯಲು ಶುರುಮಾಡುತ್ತಾರೆ ಎಂಬುದನ್ನು ನೋಡಿದ ಮೇಲೆ ನಿಮ್ಮ ಅಭಿಪ್ರಾಯವೇನೆಂದು ದಯವಿಟ್ಟು ಬರೆಯಿರಿ.