ಮುಳುಗಡೆಯ ಕಥೆ ಯಾರ ಸ್ವತ್ತು?

(ಮಲೆನಾಡಿನ ಕಥೆಗಾರರೊಬ್ಬರ ಪತ್ರದ ಸಾರ: ಅಣೆಕಟ್ಟಿನಿಂದ ಊರು ಮುಳುಗಿ, ಬೇಸಿಗೆಯಲ್ಲಿ ನೀರಿಳಿದಾಗ ಗುಡಿಯ ಶಿಖರ ಕಾಣಿಸಿಕೊಳ್ಳುವ ಕಥೆಯನ್ನು ನಾನು ಮೊದಲು ಬರೆದಿದ್ದೆ. ಅದೇ ಕಲ್ಪನೆಯನ್ನು ಎತ್ತಿಕೊಂಡವರ ಕಥೆಯನ್ನು ನೀವು ದೀಪಾವಳಿ ವಿಶೇಷಾಂಕದಲ್ಲಿ ಪ್ರಕಟಿಸಿದ್ದೀರಿ. ನಾನು ನ್ಯಾಯಾಲಯಕ್ಕೆ ಹೋಗಬಹುದೇ?)

ಮಾನ್ಯರೇ,

ಹೊಸಬರ ಕಥೆಯನ್ನು ಹೆಸರುಳ್ಳವರು ಸದ್ದಿಲ್ಲದೆ ಎತ್ತಿಕೊಳ್ಳುವುದುಂಟು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಿಮ್ಮ ಪತ್ರ ಬಂದ ಮೇಲೆ ಎರಡೂ ಕಥೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದೆ. ನಿಮ್ಮ ಕಥೆಯ ಅಜ್ಜಿ, ಇನ್ನು ಯಾರೂ ದಾಟಲಾರದ ಹೊಸಿಲಿಗೆ ಅರಿಸಿನ ಬಳಿದು ಲಾರಿ ಹತ್ತುತ್ತಾಳೆ. ಅವರ ಕಥೆಯಲ್ಲಿ ಅಂಥ ಅಜ್ಜಿಯೇ ಇಲ್ಲ. ಪರಿಹಾರದ ಹಣದ ಪಾಲಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದಾರೆ. ಎರಡಕ್ಕೂ ಸಮಾನವಾದದ್ದು ನೀರು ಮತ್ತು ಶಿಖರ ಮಾತ್ರ. ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿ ಏಳುವ ಶೆಟ್ಟಿಹಳ್ಳಿಯ ಇಗರ್ಜಿಯನ್ನು ನೋಡಲು ಜನ ಕಾರು ಮಾಡಿಕೊಂಡು ಹೋಗುತ್ತಾರೆ. ಆ ನೋಟಕ್ಕೆ ಹಕ್ಕುದಾರರು ಯಾರು? ವಸ್ತುವೇ ಸ್ವತ್ತಾಗುವುದಿದ್ದರೆ, ಶರಾವತಿಯ ಮುಳುಗಡೆಯನ್ನು ‘ದ್ವೀಪ’ ಕಾದಂಬರಿಯಲ್ಲಿ ಬರೆದಿಟ್ಟ ನಾ. ಡಿಸೋಜರ ಕಡೆಯಿಂದ ಮೊದಲ ನೋಟಿಸು ನಿಮ್ಮ ಮನೆಗೇ ಬರಬೇಕಿತ್ತು!

ನ್ಯಾಯಾಲಯದ ಮಾತೆತ್ತಿದ್ದೀರಿ. ಆರ್.ಜಿ. ಆನಂದ್ ಎಂಬ ನಾಟಕಕಾರರು ಪಂಜಾಬಿ ಮತ್ತು ಮದ್ರಾಸಿ ಮನೆತನಗಳ ನಡುವಿನ ಪ್ರಾಂತಾಭಿಮಾನವನ್ನು ಕುರಿತು ‘ಹಮ್ ಹಿಂದೂಸ್ತಾನಿ’ ಎಂಬ ನಾಟಕ ಬರೆದು, ಅದನ್ನು ಚಿತ್ರನಿರ್ದೇಶಕ ಮೋಹನ್ ಸೆಹಗಲ್ ಅವರಿಗೆ ಓದಿ ಹೇಳಿದ್ದರು. 1956ರಲ್ಲಿ ಸೆಹಗಲ್ ಅವರ ‘ನ್ಯೂ ಡೆಲ್ಲಿ’ ಚಿತ್ರ ಅದೇ ವಸ್ತುವಿನೊಂದಿಗೆ ತೆರೆಗೆ ಬಂತು. ಜಿಲ್ಲಾ ನ್ಯಾಯಾಲಯದಿಂದ ಸುಪ್ರೀಂ ಕೋರ್ಟಿನವರೆಗೂ ಆನಂದ್ ಸೋತರು. ವಿಚಾರ, ವಸ್ತು, ಕಥಾಹಂದರ, ಚರಿತ್ರೆ, ಪುರಾಣ ಇವುಗಳಿಗೆ ಹಕ್ಕುಸ್ವಾಮ್ಯವಿಲ್ಲ, ಅವನ್ನು ಕಟ್ಟಿದ ರೀತಿಗೆ ಮಾತ್ರ ಉಂಟು ಎಂದು ನ್ಯಾಯಮೂರ್ತಿ ಫಜಲ್ ಅಲಿ 1978ರಲ್ಲಿ ಬರೆದರು. ನಾಟಕದ ಪ್ರಭಾವ ಚಿತ್ರಕಥೆಯ ಮೇಲೆ ಸ್ವಲ್ಪಮಟ್ಟಿಗೆ ಬಿದ್ದಿದೆಯೆಂದು ನ್ಯಾಯಮೂರ್ತಿ ಪಾಠಕ್ ಪ್ರತ್ಯೇಕವಾಗಿ ಹೇಳಿದರೂ ಮೇಲ್ಮನವಿ ವಜಾ ಆಯಿತು. ಓದಿ ಹೇಳಿದ್ದಕ್ಕೆ ಸಾಕ್ಷ್ಯವಿದ್ದವರ ಗತಿಯೇ ಹೀಗಾದರೆ, ನಿಮ್ಮ ಕಥೆಯನ್ನು ಅವರು ಓದಿದ್ದಾರೆಂದು ತೋರಿಸಲೂ ಆಗದ ನಿಮ್ಮ ದಾವೆಯ ಗತಿಯೇನು?

ನಮ್ಮ ಕವಿಗಳಿಗೆ ಈ ಅಂಜಿಕೆ ಇರಲಿಲ್ಲ. ರನ್ನನ ಗದಾಯುದ್ಧಕ್ಕೆ ಪಂಪನ ಭಾರತದ ಋಣವುಂಟು, ಸಂಸ್ಕೃತ ನಾಟಕಗಳ ಋಣವೂ ಉಂಟು. ಆದರೂ ಆ ದುರ್ಯೋಧನ ರನ್ನನವನೇ. ರಾಮಾಯಣದ ಕವಿಗಳ ಭಾರದಲ್ಲಿ ಫಣಿರಾಯ, ಅಂದರೆ ಭೂಮಿಯನ್ನು ಹೊತ್ತ ಆದಿಶೇಷ, ತಿಣಿಕಿದನೆಂದು ಹಾಸ್ಯ ಮಾಡಿದ ಕುಮಾರವ್ಯಾಸನು ತಾನೇ ವ್ಯಾಸರ ಕಥೆಯನ್ನು ನಿರಾಳವಾಗಿ ಕೈಗೆತ್ತಿಕೊಂಡನು.

ನನ್ನ ನಿಜವಾದ ಸಿಟ್ಟು ಬೇರೆಯ ಕಡೆಗಿದೆ. ಕಲ್ಪನೆ ಕದ್ದರೆಂದು ಆರು ಪುಟದ ಪತ್ರ ಬರೆಯುವ ನಮ್ಮ ಲೇಖಕರು, ಪ್ರಕಾಶಕರು ಮುಂದೆ ಚಾಚಿದ ಒಂದು ಪುಟದ ಕರಾರನ್ನು ಓದದೆ ಸಹಿ ಹಾಕುತ್ತಾರೆ. ಎಷ್ಟೋ ಪುಸ್ತಕಗಳಿಗೆ ಆ ಒಂದು ಪುಟವೂ ಇರುವುದಿಲ್ಲ; ಗೌರವ ಪ್ರತಿಗಳನ್ನು ಕೊಟ್ಟರೆ ರಾಯಧನದ ಲೆಕ್ಕ ಮುಗಿದಂತೆ. ಕಥೆಯನ್ನು ಅಕ್ಷರಶಃ ಓದಿ ಯೂಟ್ಯೂಬಿಗೆ ಏರಿಸಿದರೆ ‘ಪ್ರಚಾರವಾಯಿತಲ್ಲ’ ಎಂದು ಸುಮ್ಮನಾಗುವವರೂ ಇವರೇ. ಹಕ್ಕನ್ನು ಎಷ್ಟು ಕಾಲಕ್ಕೆ ಬರೆದುಕೊಟ್ಟಿದ್ದೇವೆಂದು ಕರಾರಿನಲ್ಲಿ ನಮೂದಿಸದಿದ್ದರೆ, 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಅದನ್ನು 5 ವರ್ಷವೆಂದೇ ಎಣಿಸಬೇಕು. ನಿಮ್ಮ ಮೊದಲ ಸಂಕಲನದ ಕರಾರು ಮನೆಯಲ್ಲಿದ್ದರೆ, ವಕೀಲರ ಬಳಿಗೆ ಹೋಗುವಾಗ ಈ ಕಥೆಯ ಬದಲು ಅದನ್ನು ಒಯ್ಯಿರಿ.

– ಸಂಪಾದಕ