ನಾಲ್ಕು ವರ್ಷದ ಮಗುವಿನ ಸೋಮಾರಿ ಕಣ್ಣಿಗೆ ಬರೀ ಕನ್ನಡಕ ಸಾಕಾ?

ನಿಮ್ಮ ಮಗಳಿಗೆ ನಾಲ್ಕು ವರ್ಷ. ಬಲಗಣ್ಣಿಗೆ ಪ್ಲಸ್ 4.50, ಎಡಗಣ್ಣಿಗೆ ಪ್ಲಸ್ 1. ಬಲಗಣ್ಣು ಸೋಮಾರಿ ಕಣ್ಣು ಅಂತ ಡಾಕ್ಟರು ಕನ್ನಡಕ ಬರೆದುಕೊಟ್ಟು, ಮೂರು ತಿಂಗಳು ಬಿಟ್ಟು ಬನ್ನಿ ಅಂದಿದ್ದಾರೆ. ಚೆನ್ನಾಗಿ ಕಾಣುವ ಕಣ್ಣನ್ನು ಮುಚ್ಚುವ ಪ್ಯಾಚ್ ಕೊಟ್ಟಿಲ್ಲ. ಅಜ್ಜಿ ಮಾತ್ರ ಇಷ್ಟು ಚಿಕ್ಕ ಮಗುವಿಗೆ ಕನ್ನಡಕ ಯಾಕೆ ಅನ್ನುತ್ತಿದ್ದಾರೆ. ಬರೀ ಕನ್ನಡಕದಿಂದ ವಾಸಿಯಾಗುತ್ತಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ಹಾಸನದಲ್ಲಿ ಆಪ್ಟೋಮೆಟ್ರಿಸ್ಟ್. ಸಕಲೇಶಪುರ, ಬೇಲೂರು, ಅರಸೀಕೆರೆ ಕಡೆಯಿಂದ ಬರುವ ಮಕ್ಕಳ ಕಣ್ಣು ನೋಡುತ್ತೇನೆ. ನಿಮ್ಮ ಡಾಕ್ಟರು ಸರಿಯಾದ ದಾರಿಯಲ್ಲೇ ಇದ್ದಾರೆ. ಇಂಥ ಕಣ್ಣಿಗೆ ಮೊದಲ ಔಷಧಿಯೇ ಕನ್ನಡಕ.

ಎರಡು ಕಣ್ಣಿನ ಪವರ್ ನಡುವೆ ಇಷ್ಟು ವ್ಯತ್ಯಾಸ ಇದ್ದರೆ ಮಿದುಳು ಚೆನ್ನಾಗಿ ಕಾಣುವ ಕಣ್ಣನ್ನೇ ನೆಚ್ಚಿಕೊಳ್ಳುತ್ತದೆ, ಇನ್ನೊಂದರ ಮಸುಕು ಚಿತ್ರವನ್ನು ಬಿಟ್ಟುಬಿಡುತ್ತದೆ. ಆ ಕಣ್ಣಿಗೆ ನೋಡುವ ಅಭ್ಯಾಸವೇ ಬೆಳೆಯಲ್ಲ. ಹೊರಗಿನಿಂದ ಏನೂ ಗೊತ್ತಾಗಲ್ಲ. ಮೆಳ್ಳೆಗಣ್ಣು ಇರಬೇಕು ಅಂತಿಲ್ಲ, ಮಗು ನೆಲದ ಮೇಲಿನ ಸಾಸಿವೆ ಕಾಳನ್ನೂ ಹೆಕ್ಕುತ್ತದೆ. ಪರೀಕ್ಷೆಯಲ್ಲಿ ಬಲಗಣ್ಣು ಮುಚ್ಚಿದರೆ ತನ್ನ ಪಾಡಿಗೆ ಸೇಬು, ಮನೆ, ಚೌಕ ಅಂತ ಚಿತ್ರ ಹೇಳುತ್ತಾ ಹೋಗುತ್ತದೆ. ಎಡಗಣ್ಣು ಮುಚ್ಚಿದ ತಕ್ಷಣ ನನ್ನ ಕೈ ತಳ್ಳುತ್ತದೆ, ಕತ್ತು ವಾಲಿಸಿ ಸಂದಿಯಿಂದ ಇಣುಕುತ್ತದೆ, ಆಮೇಲೆ ಅಳು. ಅಪ್ಪ ಅಮ್ಮ ಮಗುವನ್ನು ಗದರುತ್ತಾರೆ. ಅದು ಹಠ ಅಲ್ಲ, ಕಾಣದೇ ಇರೋದು.

ಒಂದು ವಿಷಯ ಮಾತ್ರ ಖಚಿತ ಮಾಡಿಕೊಳ್ಳಿ. ಹನಿ ಅಥವಾ ಮುಲಾಮು ಹಾಕಿ ಪವರ್ ನೋಡಿದರಾ? ಚಿಕ್ಕ ಮಕ್ಕಳು ಕಣ್ಣೊಳಗಿನ ಸ್ನಾಯು ಬಿಗಿ ಮಾಡಿ ಪ್ಲಸ್ ಪವರ್ ಮರೆಮಾಡಿಬಿಡುತ್ತಾರೆ. ಅದನ್ನು ಸಡಿಲಿಸಿ, ರೆಟಿನೋಸ್ಕೋಪ್ ಅನ್ನೋ ಉಪಕರಣದಿಂದ ಕಣ್ಣಿಗೆ ಬೆಳಕು ಹಾಯಿಸಿ ಅಳೆಯಬೇಕು. ಮಗು ಬಾಯಿ ಬಿಡಬೇಕಾಗೇ ಇಲ್ಲ. ಸುಮ್ನೆ ಕಂಪ್ಯೂಟರ್ ಚೀಟಿ ನೋಡಿ ಬರೆದಿದ್ದರೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ.

ಬರೀ ಕನ್ನಡಕದ ಶಕ್ತಿ ಎಷ್ಟು ಅಂದರೆ, 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಹೀಗೆ ಪವರ್ ವ್ಯತ್ಯಾಸದಿಂದ ಸೋಮಾರಿ ಕಣ್ಣಾಗಿದ್ದ, ಏಳು ವರ್ಷದೊಳಗಿನ 84 ಮಕ್ಕಳಿಗೆ ಪ್ಯಾಚ್ ಇಲ್ಲದೆ ಕನ್ನಡಕ ಮಾತ್ರ ಹಾಕಿಸಿ ನೋಡಿದರು. ಶೇಕಡ 77 ಮಕ್ಕಳು ಚಾರ್ಟಿನಲ್ಲಿ ಎರಡು ಸಾಲು ಅಥವಾ ಅದಕ್ಕಿಂತ ಜಾಸ್ತಿ ಸುಧಾರಿಸಿದರು. ಶೇಕಡ 27 ಮಕ್ಕಳಿಗೆ ಪೂರ್ತಿ ವಾಸಿಯಾಯಿತು. ಉಳಿದವರಿಗೆ ಪ್ಯಾಚ್ ಬೇಕಾಗಬಹುದು, ಆದರೆ ಅದು ಮುಂದಿನ ಮಾತು. ಬೇಕಾದರೂ ದಿನವಿಡೀ ಕಟ್ಟಬೇಕಿಲ್ಲ. ಸಮಸ್ಯೆ ಮಧ್ಯಮ ಮಟ್ಟದ್ದಾದರೆ ದಿನಕ್ಕೆ ಎರಡು ಗಂಟೆ ಕಟ್ಟಿದರೂ ಆರು ಗಂಟೆಯಷ್ಟೇ ಫಲ ಸಿಕ್ಕಿದೆ.

ಈ ಲೆಕ್ಕವೆಲ್ಲ ಕನ್ನಡಕ ಮೂಗಿನ ಮೇಲಿದ್ದರೆ ಮಾತ್ರ. ಹಾಸನಾಂಬೆ ಗುಡಿಯ ಬಾಗಿಲಿನ ಹಾಗೆ ಅಪರೂಪಕ್ಕೊಮ್ಮೆ ತೆರೆಯುವ ಪೆಟ್ಟಿಗೆಯಲ್ಲಿ ಇಟ್ಟರೆ ಪ್ರಯೋಜನ ಇಲ್ಲ. ಎದ್ದಾಗಿನಿಂದ ಮಲಗುವವರೆಗೆ ಇರಲಿ, ಸ್ನಾನ ಬಿಟ್ಟು. ಚಿಕ್ಕ ಮಕ್ಕಳ ಮೂಗು ಚಪ್ಪಟೆ ಅಲ್ವಾ, ಫ್ರೇಮ್ ಜಾರಿ ಮಗು ಮೇಲಿಂದ ಇಣುಕಿ ನೋಡುತ್ತೆ. ಆಗ ಕನ್ನಡಕ ಇದ್ದೂ ಇಲ್ಲದ ಹಾಗೆ. ಹಿಂದೆ ಎಲಾಸ್ಟಿಕ್ ಪಟ್ಟಿ ಹಾಕಿಸಿ. ಗಾಜು ಬೇಡ, ಪಾಲಿಕಾರ್ಬೊನೇಟ್ ಲೆನ್ಸ್ ಕೇಳಿ. 'ಮೊದಲ ಸಲ, ಪವರ್ ಸ್ವಲ್ಪ ಕಮ್ಮಿ ಮಾಡಿ' ಅಂತ ಅಂಗಡಿಯಲ್ಲಿ ಹೇಳಲೇಬೇಡಿ. ನೀವು ಹಾಕಿ ನೋಡಿ ಎಲ್ಲಾ ಮಸುಕು ಅಂತ ಗಾಬರಿಯಾಗಲೂ ಬೇಡಿ, ಅದು ನಿಮ್ಮ ಪವರ್ ಅಲ್ಲ. ಮಗಳಿಗೂ ಮೊದಲ ಕೆಲವು ದಿನ ಕಿರಿಕಿರಿ ಅನ್ನಿಸಬಹುದು.

ಅಜ್ಜಿಗೆ ಹೇಳಿ, ಹೊನಗೊನ್ನೆ ಸೊಪ್ಪಿನ ಪಲ್ಯ ಧಾರಾಳವಾಗಿ ಮಾಡಲಿ. ಒಳ್ಳೆಯದೇ. ಅದಕ್ಕೆ ಪ್ಲಸ್ 4.50 ಕರಗಲ್ಲ ಅಷ್ಟೆ. ಬೇಗ ಆಯಿತು ಅನ್ನೋದಂತೂ ತಲೆಕೆಳಗು ಮಾತು. ಏಳು ವರ್ಷದೊಳಗೆ ಶುರು ಮಾಡಿದರೆ ಫಲ ಜಾಸ್ತಿ. ಆಮೇಲೂ ಸುಧಾರಿಸುತ್ತದೆ, ಆದರೆ ಕಷ್ಟಪಟ್ಟು.

ಮೂರು ತಿಂಗಳ ತಪಾಸಣೆ ತಪ್ಪಿಸಬೇಡಿ. ಮಗಳು ಕನ್ನಡಕ ಹಾಕಿಕೊಂಡೇ ಹೋಗಲಿ, ದಿನಕ್ಕೆ ಎಷ್ಟು ಹೊತ್ತು ಹಾಕಿದಳು ಅಂತ ನಿಜ ಹೇಳಿ, ಇಲ್ಲದಿದ್ದರೆ ಸುಮ್ನೆ ಪ್ಯಾಚ್ ಕಟ್ಟಬೇಕಾಗುತ್ತದೆ. ತಮ್ಮನೋ ತಂಗಿಯೋ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಇದು ಮನೆತನದಲ್ಲಿ ಬರುವುದುಂಟು.