ಗೋಧಿ ಬೂಸಾದಲ್ಲಿ ಶಿಲೀಂಧ್ರ ಬೆಳೆದರೂ ಕ್ಸೈಲನೇಸ್ ಕಿಣ್ವ ಬರುತ್ತಿಲ್ಲವೇ?

ಬಹುಶಃ ನಿಮ್ಮ ಬೂಸಾ ಒಣಗುತ್ತಿದೆ. 50 ಡಿಗ್ರಿಯಲ್ಲಿ ಥರ್ಮೋಮೈಸಿಸ್ ಲ್ಯಾನುಜಿನೋಸಸ್ ಅನ್ನುವ ಬಿಸಿ ಒಗ್ಗುವ ಶಿಲೀಂಧ್ರ ಎರಡು ದಿನ ಚೆನ್ನಾಗಿ ಹಬ್ಬಿ ಆಮೇಲೆ ನಿಂತುಬಿಡುತ್ತದೆ, ಕ್ಸೈಲನೇಸ್ (ಬೂಸಾದ ನಾರಿನಲ್ಲಿರುವ ಕ್ಸೈಲನ್ ಒಡೆಯುವ ಕಿಣ್ವ) ತೀರಾ ಕಡಿಮೆ ಅಂತ ಬರೆದಿದ್ದೀರಲ್ಲ, ನೀರು ಸಾಲದಿದ್ದಾಗ ಹೀಗೇ ಆಗುತ್ತದೆ. ಆ ಬಿಸಿಗೆ ಹತ್ತಿಯ ಬಿರಡೆ ತೇವವನ್ನು ತಡೆಯುವುದಿಲ್ಲ.

ಮೊದಲು ಫ್ಲಾಸ್ಕ್ ತೂಕ ಬರೆದಿಟ್ಟು ದಿನಾ ಅದೇ ಹೊತ್ತಿಗೆ ತೂಗಿ. ಇಳಿದದ್ದು ಬಹುಪಾಲು ನೀರೇ. ಸ್ವಲ್ಪ ಪಾಲು ಶಿಲೀಂಧ್ರ ಬಿಟ್ಟ ಕಾರ್ಬನ್ ಡೈಆಕ್ಸೈಡ್, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಶುರುವಿನಲ್ಲೇ ತೇವಾಂಶ 70–75% ಇರಲಿ, ಇನ್‌ಕ್ಯುಬೇಟರ್ ತಳದಲ್ಲಿ ಅಗಲವಾದ ಟ್ರೇಯಲ್ಲಿ ನೀರಿಡಿ, ಆದರೂ ತೂಕ ಇಳಿದರೆ ಸ್ಟೆರೈಲ್ ಮಾಡಿದ ಬೆಚ್ಚಗಿನ ನೀರನ್ನು ಲ್ಯಾಮಿನಾರ್ (ಸೋಸಿದ ಶುದ್ಧ ಗಾಳಿ ಹರಿಯುವ ಪೆಟ್ಟಿಗೆ) ಒಳಗೆ ಅಷ್ಟೇ ಅಳತೆಯಲ್ಲಿ ಸೇರಿಸಿ. ಜಾಸ್ತಿ ಸುರಿದರೆ ಬೂಸಾ ಅಂಬಲಿ ಆಗುತ್ತದೆ, ಗಾಳಿ ಆಡುವುದಿಲ್ಲ. ನುಣ್ಣನೆ ಹುಡಿಯನ್ನು ಜರಡಿ ಹಿಡಿದು ತೆಗೆದು, ತರಿಯನ್ನು ಮಾತ್ರ ತೆಳುವಾಗಿ ಹರಡಿ.

ಬೇಗ ಬೆಳೆಯಲಿ ಅಂತ ಗ್ಲೂಕೋಸ್ ಹಾಕುತ್ತಿದ್ದರೆ ನಿಲ್ಲಿಸಿ. ಸುಲಭದ ಸಕ್ಕರೆ ಸಿಕ್ಕಾಗ ಶಿಲೀಂಧ್ರ ಕ್ಸೈಲನೇಸ್ ಮಾಡುವ ಗೋಜಿಗೆ ಹೋಗುವುದು ಕಮ್ಮಿ.

ಅಳೆಯುವ ವಿಧಾನ ನೀವು ಬರೆದಿಲ್ಲ, ಹಾಗಾಗಿ ತೇವವೊಂದೇ ಕಾರಣ ಅಂತ ಖಂಡಿತ ಹೇಳಲಾರೆ. ಡಿಎನ್ಎಸ್ ಪರೀಕ್ಷೆಯನ್ನು (ಕಿಣ್ವ ಬಿಡಿಸಿದ ಸಕ್ಕರೆಯನ್ನು ಬಣ್ಣದಿಂದ ಅಳೆಯುವುದು) 37 ಡಿಗ್ರಿಯಲ್ಲಿ ಮಾಡುತ್ತಿದ್ದರೆ ಇರುವ ಕಿಣ್ವವೂ ಕಡಿಮೆ ಕಾಣುತ್ತದೆ. 65 ಡಿಗ್ರಿ, ಪಿಎಚ್ 6.5ರಲ್ಲಿ ಮಾಡಿ ನೋಡಿ. ಬೂಸಾದ ಸಕ್ಕರೆಯೂ ಬಣ್ಣ ಕೊಡುತ್ತದೆ ಅಲ್ವಾ, ಹಾಗಾಗಿ ಕುದಿಸಿ ಕಿಣ್ವ ಕೆಡಿಸಿದ ಸಾರದ ಬ್ಲಾಂಕ್ (ಹೋಲಿಕೆಗೆ ಇಟ್ಟು ಕಳೆಯುವ ರೀಡಿಂಗ್) ಬೇಕೇ ಬೇಕು. ತೇವ ಸರಿಯಾದ ಮೇಲೂ ರೀಡಿಂಗ್ ಏರದಿದ್ದರೆ, ಬ್ಲಾಂಕ್ ರೀಡಿಂಗ್ ಮತ್ತು ದಿನದಿನದ ತೂಕ ಇಲ್ಲಿ ಹಾಕಿ.